ಗುಡಾಣದ ಆಯಿ

“ಕಬ್ಬಿಣ ಮಾತ್ರ ತೆಗೀಬೇಡಿ ಮೇಡಂ. ಅದನ್ನ ಸಂಬಂಧ ಹಚ್ಚಿ ಕರೀಲೂಬೇಡಿ. ಇವೆರಡು ಬಿಟ್ಟು ಏನು ಬೇಕಾದ್ರೂ ಮಾಡ್ಕೊಳ್ಳಿ.”

ಜಾಯ್ಸ್ ಇದನ್ನು ಹೇಳಿದ್ದು ಗುಂಡಿಯ ಅಂಚಿನಲ್ಲಿ ನಿಂತು, ಆದರೆ ಒಳಗೆ ಇಣುಕದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅರ್ಧ ಆಯುಷ್ಯ ನರ್ಸಾಗಿ ಕಳೆದು ಊರಿಗೆ ಮರಳಿದ ಹೆಂಗಸು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಜಾಗ ಅವಳದು. ಕೊಚ್ಚಿ ಬಿಟ್ಟು ಅಂಗಮಾಲಿ ದಾಟಿದ ಮೇಲೆ ಸಿಗುವ ಮುರಕಲ್ಲಿನ ಗುಡ್ಡ. ಅವಳ ಮಗ ಎಲ್ದೋ ತಾಯಿಯ ಮಾತು ಕೇಳದೆ, ಹೊಸ ಮನೆಗೆಂದು ಗುಡ್ಡದ ಮೂಲೆಯನ್ನು ಸಮ ಮಾಡಿಸಲು ಹೋದಾಗ ಜೆಸಿಬಿಯ ಹಲ್ಲಿಗೆ ಗುಂಡನೆಯ ಚಪ್ಪಡಿಯೊಂದು ತಾಗಿತ್ತು. ಚಪ್ಪಡಿಯ ಕೆಳಗೆ, ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಮಣ್ಣಿನ ಗುಡಾಣ. ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತವರನ್ನು ಇಂಥವುಗಳಲ್ಲಿ ಇಟ್ಟು, ಅನ್ನದ ಬಟ್ಟಲುಗಳನ್ನೂ ಕಬ್ಬಿಣದ ಹತಾರಗಳನ್ನೂ ಜೊತೆಗಿಟ್ಟು, ಮೇಲೆ ಕಲ್ಲು ಮುಚ್ಚುತ್ತಿದ್ದರು. ಮಲಯಾಳಿಗಳು ಅದನ್ನು ನನ್ನಂಗಾಡಿ ಎನ್ನುತ್ತಾರೆ.

ಅದನ್ನು ತೆಗೆಯಲು ಬಂದಿದ್ದವಳು ಹರ್ಷಿತಾ. ಧಾರವಾಡದವಳು, ಪುರಾತತ್ವ ಓದಿದವಳು, ಆರು ವರ್ಷದ ಮಗಳ ತಾಯಿ. ಕೇಂದ್ರ ಸರ್ಕಾರದ ಕೆಲಸದಲ್ಲಿ ತಿರುವನಂತಪುರಕ್ಕೆ ವರ್ಗವಾಗಿ ಬಂದು ಕಂಡದ್ದು ಎರಡೇ ಮಳೆಗಾಲ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಇವಳ ಉತ್ಸಾಹವೂ ಆ ಜಾತಿಯದೇ. ಅದಕ್ಕೆ ಮೊದಲು ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕೆಲಸ ಮಾಡಿದ್ದಳು. ಅಲ್ಲಿಯ ಕಲ್ಲುಚಪ್ಪಡಿಯ ಗೋರಿಗಳನ್ನು ಊರವರು ಮೋರ್ಯರ ಮನೆ ಎಂದು ಕರೆದು ದೂರ ನಿಂತರೆ, ಇವಳು ಅವುಗಳ ಒಳಗೇ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಕಾಲು ಚಾಚಿ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದುಬಂದಿದ್ದಳು. ಒಂದು ದೆವ್ವವೂ ಅವಳನ್ನು ಮಾತಾಡಿಸಿರಲಿಲ್ಲ.

“ಯಾಕ್ರೀ? ಕರದ್ರ ಏನಾಕ್ಕೈತಿ?” ಎಂದಳು ಹರ್ಷಿತಾ, ಹಣೆಯ ಬೆವರನ್ನು ತೋಳಿನಿಂದ ಒರೆಸುತ್ತ.

“ಆಗಿನ ಕಾಲದಲ್ಲಿ ಕೆಲವು ಮುದುಕಿಯರಿಗೆ ಸಾವೇ ಬರ್ತಿರಲಿಲ್ಲ. ಕುಗ್ತಾ ಕುಗ್ತಾ ಮಗುವಿನಷ್ಟಾಗೋರು. ಕೊನೆಗೆ ಹಸಿವೊಂದೇ ಉಳಿಯೋದು. ಆಗ ಮಡಕೆಯಲ್ಲಿ ಕೂರಿಸಿ, ಅನ್ನ ಇಟ್ಟು, ಮಡಕೆ ಬಾಯಿಗೆ ಕಬ್ಬಿಣ ಅಡ್ಡ ಇಟ್ಟು ಮುಚ್ಚಿ ಬರೋರು.” ಜಾಯ್ಸ್ ಧ್ವನಿ ತಗ್ಗಿಸಿದಳು. “ಅದು ಸತ್ತಿರಲ್ಲ. ಯಾರಾದ್ರೂ ನನ್ನ ಅಜ್ಜಿ ಅಂದ್ರೆ ಸಾಕು, ಅವರ ಮನೆಗೆ ಹೊರಡುತ್ತೆ. ಮಡಕೆ ಖಾಲಿ ಇರೋ ಹಾಗಿಲ್ಲ. ಅದು ಹೋದ್ರೆ ಆ ಮನೆಯಿಂದ ಇನ್ನೊಬ್ರು ಇಲ್ಲಿಗೆ ಬರ್ಬೇಕು.”

ಓದಿದವರಿಗೆ ಒಂದು ಚಟವಿದೆ. ಹೆದರಿದವರು ಕಣ್ಣಿಗೆ ಬಿದ್ದರೆ ಪಾಠ ಹೇಳದೆ ಬಿಡುವುದಿಲ್ಲ. ಹರ್ಷಿತಾ ಕೆಲಸದಾಳುಗಳಿಗೂ ಕೇಳುವಂತೆ ಹೇಳಿದಳು, ಕೇರಳದ ಮಣ್ಣು ಹುಳಿ ಮಣ್ಣು, ಎಲುಬನ್ನೂ ಬಿಡದೆ ತಿಂದು ಮುಗಿಸುತ್ತದೆ, ಇದರೊಳಗೆ ಯಾರೂ ಇರುವುದು ಸಾಧ್ಯವಿಲ್ಲ ಎಂದು. ಹಗ್ಗ ಬಿಗಿದು ಚಪ್ಪಡಿ ಎತ್ತಿಸಿದಳು. ಹೊಸ ಮಡಕೆಗೆ ಮೊದಲ ಸಲ ನೀರು ಹೊಯ್ದಾಗ ಬರುವ ಹಸಿ ವಾಸನೆ ಭಗ್ಗನೆ ಮೇಲೆದ್ದಿತು. ಅದರ ಹಿಂದೆಯೇ ಇನ್ನೊಂದು ವಾಸನೆ, ಹಳಸಿದ ಅನ್ನದ್ದು. ಗುಡಾಣದ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕುಡುಗೋಲು ಮಲಗಿತ್ತು.

ಅವಳ ಕಸುಬಿನ ಮೊದಲ ಪಾಠವೇ ಅದು: ಮಣ್ಣಿನಿಂದ ಹೊರಬಂದ ಕಬ್ಬಿಣ ಗಾಳಿ ತಾಗಿದೊಡನೆ ಹಪ್ಪಳದಂತೆ ಉದುರತೊಡಗುತ್ತದೆ, ಎಲ್ಲಕ್ಕಿಂತ ಮೊದಲು ಅದನ್ನು ತೆಗೆದು ಒಣ ಡಬ್ಬಿಗೆ ಹಾಕಬೇಕು. ಅವಳು ತೆಗೆದಳು. ಡಬ್ಬಿಯ ಮುಚ್ಚಳ ಟಪ್ಪೆಂದು ಒತ್ತಿದಳು. ಅಲ್ಲಿಗೇ ಬಿಟ್ಟಿದ್ದರೆ ಬೇರೆ ಮಾತು. ಅಗೆಯುವವರಿಗೆ ಸಿಕ್ಕಿದ್ದಕ್ಕೆಲ್ಲ ಒಂದು ಅಡ್ಡಹೆಸರಿಡುವ ಖಯಾಲಿ ಬೇರೆ ಇರುತ್ತದಲ್ಲ. ಹರ್ಷಿತಾ ಮಂಡಿಯೂರಿ, ಗುಡಾಣದ ಭುಜವನ್ನು ಎರಡು ಸಲ ತಟ್ಟಿ, ಜಾಯ್ಸಳ ಮುಖ ನೋಡಿಯೇ ಕೂಗಿದಳು:

“ಆಯಿ, ಏಳವಾ! ನಮ್ಮ ಮನಿಗಿ ಹೋಗೂಣು ಬಾ. ಮೊಮ್ಮಗಳು ದಾರಿ ಕಾಯಾಕತ್ತಾಳ!”

ಧಾರವಾಡದ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ ಎಂದು ನಮ್ಮ ಹಿರಿಯರು ಅಂದದ್ದು ಇಂಥವರನ್ನು ಕಂಡೇ ಇರಬೇಕು. ಆಳುಗಳು ನಗಲಿಲ್ಲ. ಜಾಯ್ಸ್ ಎದೆಯ ಮೇಲೆ ಶಿಲುಬೆ ಗೀರಿಕೊಂಡು ತಿರುಗಿ ನಡೆದಳು. ಗುಡಾಣದ ಒಳಗಿನಿಂದ ಕರ್ ಎಂಬ ಸದ್ದು ಬಂತು, ಮಡಕೆಯ ಒಳಮೈಯನ್ನು ಉಗುರಿನಿಂದ ಕೆರೆದ ಹಾಗೆ.

“ಮಣ್ಣು ಕುಸಿಯಾಕತ್ತೈತಿ, ಅಷ್ಟ,” ಎಂದಳು ಹರ್ಷಿತಾ.

ಕಲ್ಲನ್ನು ತಿರುಗಿ ಮುಚ್ಚಿಸಿ ಕೈ ತೊಳೆಯಲು ಜಾಯ್ಸಳ ಮನೆಗೆ ಹೋದಾಗ, ಒಳಕೋಣೆಯ ಕತ್ತಲಿನಿಂದ ಯಾರೋ ಎಳೆಯ ದನಿಯಲ್ಲಿ ಅನ್ನ ಕೇಳುತ್ತಿದ್ದರು. ಮಗುವಿರಬೇಕು ಎಂದುಕೊಂಡಳು. “ನಮ್ಮ ಅಮ್ಮಚ್ಚಿ,” ಎಂದಳು ಜಾಯ್ಸ್. “ನನ್ನ ತಾಯಿ. ವಯಸ್ಸಾಗಿದೆ.” ಹರ್ಷಿತಾಳಿಗೆ ಚಹಾ ಸಿಗಲಿಲ್ಲ. ಬಾಗಿಲು ಬೇಗನೆ ಮುಚ್ಚಿಕೊಂಡಿತು.

*

ಗುಡಾಣವನ್ನು ಒಳಗಿನ ಮಣ್ಣು, ಮೇಲಿನ ಕಲ್ಲು ಸಮೇತ ಇಡಿಯಾಗಿ ಎತ್ತಿ, ಸುತ್ತ ಬ್ಯಾಂಡೇಜು ಬಿಗಿದು, ಫೋಮ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ತಿರುವನಂತಪುರಕ್ಕೆ ತಂದರು. ಒಳಗೆ ಕೈ ಹಾಕುವ ಮುಂಚೆ ಅಲ್ಲೇನಿದೆ ಎಂದು ತಿಳಿಯಲು ಅದನ್ನೊಂದು ಸ್ಕ್ಯಾನಿಂಗ್ ಸೆಂಟರಿಗೆ ಒಯ್ದು, ರೋಗಿಗಳಿಲ್ಲದ ಭಾನುವಾರ ಯಂತ್ರದೊಳಗೆ ಮಲಗಿಸಿದರು. ಪರದೆಯ ಮೇಲೆ ತಳದಲ್ಲಿ ಒಂದಿಷ್ಟು ಮಣ್ಣು, ಮಣ್ಣಿನ ಮೇಲೆ ಪುಟ್ಟ ಬಟ್ಟಲುಗಳು. ಬಟ್ಟಲುಗಳು ಬರಿದು. ಎಲುಬಿಲ್ಲ, ಬೂದಿಯಿಲ್ಲ. ಮೇಲಿನದೆಲ್ಲ ಖಾಲಿ, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ.

“ನೋಡ್ರಿ, ಆಯಿ ಮನ್ಯಾಗಿಲ್ಲ,” ಎಂದು ಹರ್ಷಿತಾ ನಕ್ಕಳು.

ಅಂದು ಸಂಜೆ ಊರಂಚಿನ ಕಳಕ್ಕೂಟಂನ ತನ್ನ ಫ್ಲ್ಯಾಟಿಗೆ ಬಂದಾಗ ಕರೆಂಟು ಹೋಗಿತ್ತು. ಗಂಡ ಸಮರ್ಥ್ ಮೈಸೂರಿನವನು, ಅಲ್ಲೇ ಹತ್ತಿರದ ಐಟಿ ಪಾರ್ಕಿನಲ್ಲಿ ಕೆಲಸ. ಅವನು ಬಾಲ್ಕನಿಯಲ್ಲಿ ಫೋನಿನಲ್ಲಿದ್ದ. ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಸಣ್ಣ ಕೋಣೆಯಲ್ಲಿ, ವಾಷಿಂಗ್ ಮೆಷಿನಿನ ಸಂದಿಗೆ ಮುಖ ಮಾಡಿ ಮಗಳು ತನ್ವಿ ಕೂತಿದ್ದಳು. ಕೈಯಲ್ಲಿ ಮೊಸರನ್ನದ ಬಟ್ಟಲು. ತುತ್ತು ಕಟ್ಟಿ ಕತ್ತಲಿಗೆ ಚಾಚುತ್ತಿದ್ದಳು.

“ಏನ್ ಮಾಡಾಕತ್ತಿ ಕೂಸ?”

ತನ್ವಿಗೆ ತಾಯಿಯ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ಶಾಲೆಯ ಮಲಯಾಳ. “ಅಮ್ಮೂಮ್ಮ ವನ್ನು,” ಎಂದಳು ಖುಷಿಯಿಂದ. ಅಜ್ಜಿ ಬಂದಳು.

ತನ್ವಿಗೆ ಅಜ್ಜಿಯಂದಿರೇ ಇರಲಿಲ್ಲ. ಎರಡೂ ಕಡೆಯವರು ಅವಳು ಹುಟ್ಟುವ ಮೊದಲೇ ತೀರಿಹೋಗಿದ್ದರು. ಹರ್ಷಿತಾ ಮೊಬೈಲಿನ ಬೆಳಕನ್ನು ಸಂದಿಗೆ ಹಿಡಿದಳು. ಪೈಪು, ಧೂಳು, ಒಂದು ಕಳೆದುಹೋದ ಕಾಲ್ಚೀಲ. ಹಸಿ ಮಡಕೆಯ ವಾಸನೆ. ತನ್ನ ಬಟ್ಟೆಯದೇ ಇರಬೇಕು, ದಿನವಿಡೀ ಮಣ್ಣಿನಲ್ಲಿ ಹೊರಳಾಡುವ ಕೆಲಸ ಎಂದುಕೊಂಡು ಸ್ನಾನಕ್ಕೆ ಹೋದಳು. ಆದರೆ ಬಟ್ಟಲು ಖಾಲಿಯಾಗಿತ್ತು, ಮಗಳ ತುಟಿಗೆ ಒಂದು ಅಗುಳೂ ಅಂಟಿರಲಿಲ್ಲ.

ಮೊದಲು ಗಮನಕ್ಕೆ ಬಂದದ್ದು ಶಾಲೆಯ ಬೂಟು. ನಡೆಯುವಾಗ ಕಳಚಿ ಬೀಳುತ್ತಿತ್ತು. ದೊಡ್ಡ ಅಳತೆಯದು ತಂದಿದ್ದೀಯ ಎಂದು ಸಮರ್ಥ್ ಗೊಣಗಿದ. ಆಮೇಲೆ ಯೂನಿಫಾರಂ ಮಂಡಿಯ ಕೆಳಗಿಳಿಯಿತು. ಹುಟ್ಟುಹಬ್ಬದ ದಿನ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಎಳೆದಿದ್ದ ಗೆರೆಗೆ ಮಗಳನ್ನು ಒರಗಿಸಿ ನಿಲ್ಲಿಸಿದಾಗ ಅವಳ ನೆತ್ತಿ ಗೆರೆಯ ಕೆಳಗೆ ಉಳಿಯಿತು. ಕೆಳಗೆಂದರೆ ಒಂದು ಗೇಣು ಕೆಳಗೆ. ಕೈಬೆರಳುಗಳ ತುದಿ ನೀರಿನಲ್ಲಿ ಬಹಳ ಹೊತ್ತು ನೆಂದಂತೆ ಸುಕ್ಕುಗಟ್ಟಿತ್ತು, ಎಷ್ಟು ಒರೆಸಿದರೂ ಹೋಗಲಿಲ್ಲ. ಕಿವಿಯ ಹಿಂದೆ ಒಂದು ಎಳೆ ಬಿಳಿಕೂದಲು. ಹಲ್ಲು ಅಲುಗುತ್ತಿದ್ದವು. ಆರು ವರ್ಷಕ್ಕೆ ಹಾಲುಹಲ್ಲು ಬೀಳುವುದು ಸಹಜ ತಾನೆ ಎಂದರು ಡಾಕ್ಟರು, ಎತ್ತರ ಅಳೆದದ್ದರಲ್ಲಿ ತಪ್ಪಾಗಿರಬೇಕು ಎಂದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ. ಮನೆಯಲ್ಲಿ ಕುಕ್ಕರಿನ ಅನ್ನ ಸಾಲುತ್ತಿರಲಿಲ್ಲ. ಗೋಡೆಯೊಳಗಿನಿಂದ ಕರ್ ಕರ್ ಸದ್ದು. ಸಮರ್ಥ್ ಇಲಿಬೋನು ತಂದಿಟ್ಟ.

“ನಿನ್ನ ಕೆಲಸ, ನಿನ್ನ ಮಡಕೆ, ನಿನ್ನ ಸ್ಕ್ಯಾನು! ಮಗು ಹೆಂಗಾಗಿದಾಳೆ ಅಂತ ಒಂದು ಸಲನಾದ್ರೂ ಸರಿಯಾಗಿ ನೋಡಿದ್ಯಾ?” ಎಂದು ಒಂದು ದಿನ ಅವನು ಹರ್ಷಿತಾಳ ಮೇಲೆ ಕೂಗಿದ. ನೋಡಿದ್ದಳು. ನೋಡಿ ಹೆದರಿದ್ದಳು. ಹೆದರಿದ್ದೇನೆ ಎಂದು ಒಪ್ಪಿಕೊಳ್ಳುವುದು ಅವಳಿಗೆ ಹೆದರಿಕೆಗಿಂತ ಕಷ್ಟವಾಗಿತ್ತು.

ತನ್ವಿಯ ಕೆಳಗಿನ ದವಡೆಯ ಹಲ್ಲೊಂದಕ್ಕೆ ಹುಳುಕು ಹಿಡಿದು ದಂತವೈದ್ಯರು ಸ್ಟೀಲಿನ ಟೋಪಿ ಹಾಕಿದ್ದರು. ಒಂದು ಬೆಳಗ್ಗೆ ಆ ಹಲ್ಲು ಬಾಯಲ್ಲಿರಲಿಲ್ಲ. ದಿಂಬಿನಡಿ ಇಲ್ಲ, ಹಾಸಿಗೆಯಲ್ಲಿಲ್ಲ. “ಅಮ್ಮೂಮ್ಮ ಕೇಳಿದಳು, ಕೊಟ್ಟೆ,” ಎಂದಳು ತನ್ವಿ ಬೊಚ್ಚುಬಾಯಲ್ಲಿ, ಮಲಯಾಳದಲ್ಲಿ. “ನನಗೊಂದು ಜಾಗ ಹಿಡಿದಿಡೋಕೆ ಅದು ಬೇಕಂತೆ.”

ಹರ್ಷಿತಾ ಅದೇ ದಿನ ಗುಡಾಣವನ್ನು ಮತ್ತೆ ಸ್ಕ್ಯಾನಿಗೆ ಒಯ್ದಳು. ಬ್ಯಾಂಡೇಜು ಬಿಚ್ಚಿರಲಿಲ್ಲ. ಕಲ್ಲಿನ ಅಂಚಿಗೆ ತಾನೇ ಅಂಟಿಸಿದ್ದ ಪಟ್ಟಿ ಹಾಗೇ ಇತ್ತು. ಯಂತ್ರ ಗುಂಯ್ ಎಂದು ತಿರುಗಿತು. ಪರದೆಯ ಮೇಲೆ ಅದೇ ಮಣ್ಣು, ಅದೇ ಬಟ್ಟಲುಗಳು. ಒಂದು ಬಟ್ಟಲಿನ ನಡುವೆ ಬೆಳ್ಳಗೆ ಹೊಳೆಯುವ ಚುಕ್ಕಿ. ಟೆಕ್ನಿಷಿಯನ್ ಅದನ್ನು ದೊಡ್ಡದು ಮಾಡಿ ತೋರಿಸಿದ.

“ಮೇಡಂ, ಇದು ಲೋಹ,” ಎಂದ ಅವನು ಗೊಂದಲದಿಂದ. “ಮಗುವಿನ ಹಲ್ಲಿನ ಕ್ಯಾಪ್ ತರಹ ಇದೆಯಲ್ಲ?”

*

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜಾಯ್ಸಳ ಮನೆಯ ಮೆಟ್ಟಿಲ ಮೇಲೆ ಹರ್ಷಿತಾ ಕೂತಿದ್ದ ಭಂಗಿಯಲ್ಲಿ ಪಾಠ ಹೇಳುವ ಹುರುಪಿನ ಲವಲೇಶವೂ ಇರಲಿಲ್ಲ.

“ಹೇಳಿದ್ದೆ,” ಎಂದಳು ಜಾಯ್ಸ್. ಅವಳ ಮುಖದಲ್ಲಿ ಕನಿಕರವಿಲ್ಲ, ಗೆದ್ದ ಸಂತೋಷವೂ ಇಲ್ಲ. “ನಾನೂ ಚಿಕ್ಕವಳಿದ್ದಾಗ ಕಲ್ಲಿನ ಸಂದಿಯಲ್ಲಿ ಕೈ ತೂರಿಸಿ ಕಬ್ಬಿಣ ಎಳೆದಿದ್ದೆ. ವಲ್ಯಮ್ಮಚ್ಚೀ ಅಂತ ಕೂಗಿದ್ದೆ, ಅಜ್ಜಿ ಅಂತ. ಮಕ್ಕಳಾಟ. ಆಮೇಲೆ ನಾನು ಕುಗ್ಗೋಕೆ ಶುರು ಮಾಡಿದೆ.”

“ಮತ್ತ ಹೆಂಗ ಉಳದ್ರಿ?”

“ನಮ್ಮಮ್ಮ ಉಳಿಸಿದ್ರು. ಮಡಕೆ ವಾಪಸ್ ಅದೇ ಗುಂಡಿಗೆ ತನ್ನಿ. ಮಗುವಿನದು ಏನು ಒಳಗೆ ಹೋಗಿದೆಯೋ ಅದನ್ನ ನಿಮ್ಮ ಕೈಯಾರೆ ತೆಗೀಬೇಕು. ಆಮೇಲೆ ಮಗು ನಿಮ್ಮನ್ನ ನೋಡಿ ತನ್ನ ಬಾಯಿಂದಲೇ ಹೇಳ್ಬೇಕು, ಇವರು ನನಗೆ ಯಾರೂ ಅಲ್ಲ ಅಂತ. ತಾಯಿ ಇಲ್ಲದ ಮೇಲೆ ಅಜ್ಜಿ ಎಲ್ಲಿಂದ? ಸಂಬಂಧ ಕಡಿದುಹೋಗುತ್ತೆ. ಕಬ್ಬಿಣ ಇಟ್ಟು ಮುಚ್ಚಿ. ಮಗು ಉಳಿಯುತ್ತೆ, ಅದಕ್ಕೆ ನಾನು ಗ್ಯಾರಂಟಿ. ಆದ್ರೆ ಅಲ್ಲಿಂದಾಚೆ ಅವಳು ನಿಮ್ಮನ್ನ ಅಮ್ಮ ಅಂತ ಕರೆದ್ರೆ ಓಗೊಡಬಾರದು. ಒಂದು ಸಲವೂ.”

ಹರ್ಷಿತಾ ಮೆಟ್ಟಿಲಿನಿಂದ ತಲೆಯೆತ್ತಿದಳು. “ನಿಮ್ಮವ್ವ ಓಗೊಡಲಿಲ್ಲ?”

“ಇಲ್ಲ.”

“ಮತ್ತ ನೀವು ಬಿದ್ದು ಅತ್ತಾಗ ಯಾರ ಎತ್ಕೊತಿದ್ರು?”

ಒಳಕೋಣೆಯಿಂದ ಆ ಎಳೆಯ ದನಿ ಮತ್ತೆ ಅನ್ನ ಕೇಳಿತು. ಜಾಯ್ಸ್ ದಡಬಡಿಸಿ ಎದ್ದು, “ಬಂದೆ ಅಮ್ಮಚ್ಚೀ,” ಎನ್ನುತ್ತ ಒಳಗೋಡಿದಳು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಆ ಹೆಂಗಸು ಹೊಡೆತಕ್ಕೆ ಹೆದರಿದ ಹುಡುಗಿಯಂತೆ ಓಡಿದ್ದನ್ನು ಹರ್ಷಿತಾ ನೋಡಿದಳು. ನೋಡಿದರೂ ಅದರ ಬಗ್ಗೆ ಯೋಚಿಸುವಷ್ಟು ಜಾಗ ಅವಳ ತಲೆಯಲ್ಲಿ ಉಳಿದಿರಲಿಲ್ಲ.

ಕೊಚ್ಚಿಯಲ್ಲಿ ಇನ್ನೊಂದು ಪರೀಕ್ಷೆ ಆಗಬೇಕಿದೆ ಎಂದು ಕಚೇರಿಗೆ ಸುಳ್ಳು ಹೇಳಿ ಗುಡಾಣವನ್ನೂ ಕುಡುಗೋಲನ್ನೂ ಹೊರಡಿಸಿದಳು. ಸಿಕ್ಕಿಬಿದ್ದರೆ ನೌಕರಿ ಹೋಗುತ್ತದೆ, ಹೋಗಲಿ. ಎಲ್ದೋ ಮತ್ತು ಆಳುಗಳು ಗುಡಾಣವನ್ನು ಗುಂಡಿಗಿಳಿಸಿ, ಬ್ಯಾಂಡೇಜು ಕತ್ತರಿಸಿ, ಕಲ್ಲನ್ನು ಪಕ್ಕಕ್ಕೆ ಸರಿಸಿ, ಕೂಲಿಗೂ ನಿಲ್ಲದೆ ಹೊರಟುಹೋದರು. ಹೊತ್ತು ಮುಳುಗುತ್ತಿತ್ತು. ಮೂಡಲ ಕಡೆಯಲ್ಲಿ ಗುಡುಗು ಉರುಳುತ್ತಿತ್ತು. ಸಮರ್ಥ್ ಮೇಲೆ ಅಂಚಿನಲ್ಲಿ ಟಾರ್ಚು ಹಿಡಿದು ನಿಂತ. ಬೆಳಕು ಗುಂಡಿಯ ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಜಾಯ್ಸ್ ಅವನ ಪಕ್ಕದಲ್ಲಿ. ತನ್ವಿ ತಾಯಿಯ ಸೊಂಟದ ಮೇಲಿದ್ದಳು. ಭಾರವೇ ಇರಲಿಲ್ಲ ಆ ಮಗುವಿಗೆ, ಒಗೆದು ಒಣಗಿಸಿದ ಬಟ್ಟೆಯ ಗಂಟಿನಷ್ಟೂ ಇರಲಿಲ್ಲ.

ಮಗಳನ್ನು ಗುಂಡಿಯ ಮೂಲೆಯಲ್ಲಿ ಕೂರಿಸಿ, ಹರ್ಷಿತಾ ಗುಡಾಣದ ಬಾಯಿಗೆ ಬಾಗಿದಳು. ಹಳಸಿದ ಅನ್ನದ ವಾಸನೆ ಮುಖಕ್ಕೆ ಹೊಡೆಯಿತು. ಬಲಗೈ ಇಳಿಬಿಟ್ಟಳು.

ಮೊಣಕೈ ಇಳಿಯಿತು. ತಂಪು. ಭುಜದವರೆಗೆ ಇಳಿಯಿತು. ಮಣ್ಣು ಸಿಗಲಿಲ್ಲ. ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಗುಡಾಣ ಆಳವಾಗಿತ್ತು. ಕೆನ್ನೆ ಅಂಚಿಗೆ ಒತ್ತಿತು. ಬೆರಳ ತುದಿಗೆ ಬಟ್ಟಲು ತಾಗಿತು. ಒಂದು ಬರಿದು. ಇನ್ನೊಂದು ಬರಿದು. ಮತ್ತೊಂದರಲ್ಲಿ ಸಣ್ಣದೊಂದು ಗಟ್ಟಿ. ಸಿಕ್ಕಿತು. ಮುಷ್ಟಿ ಮುಚ್ಚಿದಳು.

ಆಗ ಅದು ಅವಳ ಕೈ ಹಿಡಿಯಿತು.

ಎಳೆಯಲಿಲ್ಲ. ಕಚ್ಚಲಿಲ್ಲ. ಒಣಗಿದ ಸಣ್ಣ ಬೆರಳುಗಳು, ಬಹಳ ಸಮಾಧಾನದಿಂದ, ಮುಷ್ಟಿಯನ್ನು ಒತ್ತಿ ನೋಡಿದವು. ಬಳೆಗಾರ್ತಿ ಕೈ ಹಿಸುಕಿ ಅಳತೆ ನೋಡುವ ಹಾಗೆ. ಮಣಿಕಟ್ಟು. ಮೊಣಕೈ. ಗೇಣು ಹಾಕುತ್ತ ಮೇಲೇರಿದವು. ಭುಜ. ಕುತ್ತಿಗೆ. ಕಿವಿಯ ಪಕ್ಕದಲ್ಲಿ ಯಾರೋ ಉಸಿರೆಳೆದರು. ಸರಿಹೋಗುತ್ತದೆ ಎಂಬಂತೆ.

ಹರ್ಷಿತಾ ಕಿರುಚಿ ಕೈ ಕಿತ್ತುಕೊಂಡಳು. ಹಿಂದಕ್ಕೆ ಬಿದ್ದಳು. ಮುಷ್ಟಿಯಲ್ಲಿ ಹಲ್ಲಿತ್ತು.

“ಬೇಗ!” ಎಂದಳು ಜಾಯ್ಸ್ ಮೇಲಿನಿಂದ. ಆಮೇಲೆ ಮಗುವಿಗೆ ಮಲಯಾಳದಲ್ಲಿ ಕೇಳಿದಳು: “ಇದಾರಾ ಮೋಳೇ?” ಇವರು ಯಾರು ಮಗಳೇ?

ತನ್ವಿಗೆ ದಾರಿಯುದ್ದಕ್ಕೂ ಉತ್ತರ ಕಲಿಸಿದ್ದರು. ಆದರೆ ಕತ್ತಲಲ್ಲಿ, ಮಣ್ಣು ಮೆತ್ತಿದ ತಾಯಿಯನ್ನು ನೋಡಿ, ಅವಳ ತುಟಿ ಮುದುರಿತು. ಎರಡೂ ಕೈ ಚಾಚಿದಳು.

“ಎಂಡೆ ಅಮ್ಮ,” ಎಂದಳು. ನನ್ನ ಅಮ್ಮ.

ಗುಡಾಣ ಗುಂಯ್ ಎಂದಿತು. ಕರ್ ಕರ್ ಕರ್. ಒಳಗಿನಿಂದ ಮೇಲಕ್ಕೆ. ತನ್ವಿಯ ಕೈಗಳು ಹರ್ಷಿತಾಳ ಕಣ್ಣೆದುರಿಗೇ ಕುಗ್ಗಿ ಅಂಗಿಯೊಳಕ್ಕೆ ಸರಿದವು. ಅಂಗಿಯ ತೋಳು ಖಾಲಿ ಜೋತಾಡಿತು. ಮುಖ ಮುದುಡಿತು. ಮುದುಕಿಯ ಮುಖ, ಒಳಗೆ ಮಗುವಿನ ಕಣ್ಣು.

“ನಾ ನಿಮ್ಮವ್ವ ಅಲ್ಲ!” ಹರ್ಷಿತಾ ಗಂಟಲು ಹರಿಯುವಂತೆ ಕೂಗಿದಳು. “ನಾ ನಿನಗ ಯಾರೂ ಅಲ್ಲ! ಹೇಳು! ಹೇಳು ಅಂದ್ರ!” ಮಗಳ ಕೆನ್ನೆಗೆ ಹೊಡೆದಳು. ಹುಟ್ಟಿದಾಗಿನಿಂದ ಒಂದು ಪೆಟ್ಟು ಹಾಕಿರದ ಕೈ ಅದು.

ತನ್ವಿ ಅಳು ನಿಲ್ಲಿಸಿದಳು. ಚಾಚಿದ್ದ ಅಂಗಿತೋಳುಗಳನ್ನು ಹಿಂದಕ್ಕೆಳೆದುಕೊಂಡಳು.

“ಅರಿಯಿಲ್ಲ,” ಎಂದಳು. ಇವರು ಯಾರೋ ಗೊತ್ತಿಲ್ಲ.

ಸದ್ದು ನಿಂತಿತು. ಹರ್ಷಿತಾ ಕುಡುಗೋಲನ್ನು ಗುಡಾಣದ ಬಾಯಿಗೆ ಅಡ್ಡ ಇಟ್ಟಳು. ಸಮರ್ಥ್ ಕೆಳಗೆ ಹಾರಿ ಬಂದ. ಇಬ್ಬರೂ ಸೇರಿ ಕಲ್ಲನ್ನು ಎಳೆದು ಮುಚ್ಚಿದರು. ಹಿಂತಿರುಗುವ ದಾರಿಯಲ್ಲಿ ತನ್ವಿ ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಪೊಟ್ಟಣ ಪೂರ್ತಿ ತಿಂದು ಮುಗಿಸಿದಳು. ತನಗಾಗಿಯೇ ತಿಂದಳು. ಹರ್ಷಿತಾ ಮುಂದಿನ ಸೀಟಿನಲ್ಲಿ ಬಾಯಿಗೆ ಕೈ ಒತ್ತಿಕೊಂಡು ಅಂಗಮಾಲಿಯಿಂದ ಕಳಕ್ಕೂಟಂವರೆಗೂ ಅತ್ತಳು.

*

ಮಗು ಉಳಿಯಿತು. ಜಾಯ್ಸ್ ಸುಳ್ಳು ಹೇಳಿರಲಿಲ್ಲ. ಬೂಟು ಕಾಲಿಗೆ ಸರಿಯಾಯಿತು, ನೆತ್ತಿ ಪೆನ್ಸಿಲಿನ ಗೆರೆಯನ್ನು ಮುಟ್ಟಿ ದಾಟಿತು, ಬಿದ್ದ ಹಲ್ಲಿನ ಜಾಗದಲ್ಲಿ ಹೊಸದು ಇಣುಕಿತು. ಗೋಡೆಯ ಸದ್ದು ನಿಂತಿತು. ಗುಡಾಣ ಸಾಗಿಸುವಾಗ ಒಡೆದುಹೋಯಿತೆಂದು ಬರೆದುಕೊಟ್ಟು ಹರ್ಷಿತಾ ಬೈಗುಳ ತಿಂದಳು. ಅವಳಿಗೆ ಅದು ಯಾವ ಲೆಕ್ಕಕ್ಕೂ ಇರಲಿಲ್ಲ.

ತನ್ವಿ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಳು. “ಹರ್ಷಿತಾ, ದೋಶ ವೇಣಂ,” ದೋಸೆ ಬೇಕು. ಎಂಥ ಮಾಡರ್ನ್ ಮನೆ ಎಂದು ಪಕ್ಕದ ಫ್ಲ್ಯಾಟಿನವರು ನಗುತ್ತಿದ್ದರು. ಹರ್ಷಿತಾಳೂ ನಗುತ್ತಿದ್ದಳು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಆ ಒಂದು ಶಬ್ದಕ್ಕಾಗಿ ಅವಳ ಜೀವ ಹಸಿದಿತ್ತು. ಆದರೂ ಮಗಳು ಕಣ್ಣೆದುರಿಗೆ ಬೆಳೆಯುತ್ತಿದ್ದಾಳೆ, ಇದಕ್ಕಿಂತ ಇನ್ನೇನು ಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಮುಂದಿನ ಬೇಸಿಗೆಯ ಒಂದು ಬೆಳಗ್ಗೆ, ಫ್ಲ್ಯಾಟಿನ ಕೆಳಗಿನ ಪಾರ್ಕಿಂಗಿನಲ್ಲಿ ತನ್ವಿ ಸೈಕಲ್ ಕಲಿಯುತ್ತಿದ್ದಳು. ಹರ್ಷಿತಾ ಕಂಬಕ್ಕೆ ಒರಗಿ ನೋಡುತ್ತಿದ್ದಳು. ತಿರುವಿನಲ್ಲಿ ಚಕ್ರ ಜಾರಿತು. ತನ್ವಿ ಸಿಮೆಂಟಿನ ಮೇಲೆ ದೊಪ್ಪನೆ ಬಿದ್ದಳು. ಮಂಡಿ ತರಚಿ ರಕ್ತ ಬಂತು.

ಯಾವ ಮಗುವಾದರೂ ಬಿದ್ದಾಗ ಕೂಗುವುದು ಒಂದೇ ಶಬ್ದ.

“ಅಮ್ಮಾ!”

ಹರ್ಷಿತಾಳ ಕಾಲು ತಾನಾಗಿ ಮುಂದೆ ಹೊರಟಿತು. ಬಾಯಿ ತೆರೆಯಿತು. ಕಂಬವನ್ನು ತಬ್ಬಿ ಹಿಡಿದು, ತುಟಿ ಕಚ್ಚಿ, ನಾಲಿಗೆಗೆ ರಕ್ತದ ರುಚಿ ಬರುವವರೆಗೂ ಕಚ್ಚಿ, ತಡೆದುಕೊಂಡಳು. ಓಗೊಡಬಾರದು. ಒಂದು ಸಲವೂ. ತಡೆದುಕೊಂಡಳು.

“ಅಮ್ಮಾ!” ತನ್ವಿ ಮತ್ತೆ ಕೂಗಿದಳು.

“ಬಂದ್ನಿ, ಬಂದ್ನಿ ನನ್ನ ಕೂಸ.”

ದನಿ ಬಂದದ್ದು ಲಿಫ್ಟಿನ ಕಡೆಯಿಂದ. ಧಾರವಾಡದ ಕನ್ನಡ. ಆ ಕಟ್ಟಡದಲ್ಲಿ ಹಾಗೆ ಮಾತಾಡುವವಳು ಒಬ್ಬಳೇ ಇದ್ದಳು, ಅವಳು ಕಂಬ ತಬ್ಬಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹಸಿ ಮಡಕೆಯ ವಾಸನೆ ಪಾರ್ಕಿಂಗಿನ ತುಂಬ ಹರಡಿತು. ಬೈಕುಗಳ ಸಾಲಿನಾಚೆ ಹರ್ಷಿತಾಳ ನೀಲಿ ಚೂಡಿದಾರ ತೊಟ್ಟ ಯಾರೋ ಬಗ್ಗಿ, ತನ್ವಿಯನ್ನು ಎತ್ತಿಕೊಂಡು, ಮಂಡಿಗೆ ಉಫ್ ಎಂದು ಊದಿದರು. ಅಳು ನಿಂತಿತು. ತನ್ವಿ ಅವರ ಕುತ್ತಿಗೆಗೆ ಜೋತುಬಿದ್ದು ಮುಖ ಹುದುಗಿಸಿದಳು. ಎಷ್ಟೋ ತಿಂಗಳಿಂದ ಓಗೊಡುವ ಅಮ್ಮನಿಲ್ಲದೆ ಕಾದಿದ್ದ ಮಗು.

ಜಾಯ್ಸಳ ಒಳಕೋಣೆ ಹರ್ಷಿತಾಳಿಗೆ ಆಗ ಅರ್ಥವಾಯಿತು. ಅಲ್ಲಿ ಕೂತು ಅನ್ನ ಕೇಳುತ್ತಿದ್ದದ್ದು ಜಾಯ್ಸಳ ತಾಯಿಯಲ್ಲ. ಓಗೊಡದೆ ಉಳಿದ ಆ ತಾಯಿ ಕುಗ್ಗಿ ಸೇರಿದ್ದು ಗುಡಾಣವನ್ನು, ಆಯಿ ಏಳವಾ ಎಂದು ತಾನು ತಟ್ಟಿ ಎಬ್ಬಿಸಿ ಕರೆತಂದದ್ದು ಅವಳನ್ನೇ, ಕಬ್ಬಿಣವಿಟ್ಟು ಮುಚ್ಚಿ ಬಂದದ್ದು ಬರಿಯ ಮಡಕೆಯನ್ನು.

“ತನ್ವೀ!” ಎಂದು ಕೂಗಿದಳು. “ತನ್ವೀ, ನಾನವಾ! ನಾನ ನಿಮ್ಮವ್ವ!”

ಲಿಫ್ಟಿನ ಬಾಗಿಲಲ್ಲಿ ಆ ಹೆಂಗಸು ನಿಂತಳು. ತಿರುಗಲಿಲ್ಲ. ಹರ್ಷಿತಾಳದೇ ದನಿಯಲ್ಲಿ, ಮುದ್ದಿನಿಂದ ಮಗುವನ್ನು ಕೇಳಿದಳು: “ಅಕಿ ಯಾರವಾ?”

ತನ್ವಿ ಭುಜದ ಮೇಲಿನಿಂದ ಹರ್ಷಿತಾಳನ್ನು ನೋಡಿದಳು. ಕಲಿಸಿದ ಪಾಠ ಚೆನ್ನಾಗಿ ನೆನಪಿತ್ತು ಅವಳಿಗೆ.

“ಅರಿಯಿಲ್ಲ,” ಎಂದಳು.

ಬಾಗಿಲು ಮುಚ್ಚಿಕೊಳ್ಳತೊಡಗಿತು. ಹರ್ಷಿತಾ ಓಡಿದಳು. ಒಂದೇ ಹೆಜ್ಜೆಗೆ ಮುಗ್ಗರಿಸಿ ಬಿದ್ದಳು. ಕಾಲಿನಿಂದ ಚಪ್ಪಲಿ ಕಳಚಿತ್ತು. ನಿನ್ನೆಯವರೆಗೆ ಬೆರಳಿಗೆ ಬಿಗಿಯುತ್ತಿದ್ದ ಅವಳದೇ ಚಪ್ಪಲಿ ಅದು. ಈಗ ಅದರಲ್ಲಿ ಅವಳ ಪಾದ ಅರ್ಧಕ್ಕೂ ತುಂಬುತ್ತಿರಲಿಲ್ಲ.